ಚಾರ್ಜ್ ಹರಡಿದ ಮೇಜು

ನಮ್ಮ ಮಾವನವರಿಗೆ ಗಾಳಿ ಕಂಡರೆ ಆಗುತ್ತಿರಲಿಲ್ಲ. ಚಳಿ ತಡೆಯುತ್ತಿದ್ದರು, ಸೆಕೆ ತಡೆಯುತ್ತಿದ್ದರು, ಕರೆಯದೆ ಬಂದು ಠಿಕಾಣಿ ಹೂಡುವ ನೆಂಟರನ್ನೂ ಹಲ್ಲು ಕಚ್ಚಿಕೊಂಡು ತಡೆಯುತ್ತಿದ್ದರು. ಗಾಳಿಯನ್ನು ಮಾತ್ರ ಇಲ್ಲ. ಆ ಹಗೆತನದಿಂದಾಗಿ ಒಂದು ಮಧ್ಯಾಹ್ನ ನಮ್ಮ ಅತ್ತೆಯ ಜೀವವೇ ಹೋಗುವುದರಲ್ಲಿತ್ತು. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಮಾವ ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಕೊಡುವ ನಿಘಂಟು ಕಟ್ಟುವವರು. ಅವರಿಗೆ ಅದು ಕೆಲಸ, ಮನೆಯವರಿಗೆಲ್ಲ ಹಣೆಬರಹ. ಮಗ, ಎಂದರೆ ನನ್ನ ಗಂಡ, ಈ ಪದಗಳ ಉಸಾಬರಿಯೇ ಬೇಡವೆಂದು ಬಸ್ಸು ಓಡಿಸಲು ಹೋದ. ಸೊಸೆಯಾಗಿ ಬಂದ ನಾನು ಎರಡು ಭಾಷೆ ಓದಿಕೊಂಡಿದ್ದೆ ಎಂಬ ಒಂದೇ ತಪ್ಪಿಗೆ ಸಿಕ್ಕಿಬಿದ್ದೆ. ಅತ್ತೆಯಂತೂ ಮದುವೆಯಾದಾಗಿನಿಂದ ಮೂಲೆಯ ಕುರ್ಚಿಯಲ್ಲಿ ಕತ್ತರಿ ಹಿಡಿದು ಕೂತು, ಕಾಗದವನ್ನು ಅಂಗೈಯಗಲದ ಚೀಟಿಗಳಾಗಿ ಕತ್ತರಿಸುತ್ತಲೇ ಇದ್ದರು.

ಪತ್ರಿಕೆ, ಪುಸ್ತಕ, ಔಷಧದ ಡಬ್ಬಿ, ಗೋಡೆಯ ಜಾಹೀರಾತು, ಎಲ್ಲೇ ಆಗಲಿ ಒಂದು ಪದ ಹೊಸ ವೇಷದಲ್ಲಿ ಕಂಡರೆ ಆ ವಾಕ್ಯವನ್ನು ಚೀಟಿಗೆ ಇಳಿಸಬೇಕು. ಆ ಪದದ ಸರದಿ ಬಂದಾಗ ಚೀಟಿಗಳನ್ನೆಲ್ಲ ಮಹಡಿಯ ಕೋಣೆಯ ಉದ್ದ ಮೇಜಿನ ಮೇಲೆ ಜೋಡಿಸಬೇಕು. ಇದಕ್ಕೆ ನಾವು ಪದ ಹರಡುವುದು ಎನ್ನುತ್ತೇವೆ. ಮೇಜಿನ ತಲೆಯಲ್ಲಿ ಪದದ ಹುಟ್ಟು, ಅಲ್ಲಿಂದ ಕೆಳಕ್ಕೆ ಒಂದೊಂದು ಅರ್ಥಕ್ಕೆ ಒಂದೊಂದು ಸಾಲು. ಇಡೀ ಪದ ಒಂದೇ ನೋಟಕ್ಕೆ ಕಾಣಬೇಕೆಂಬುದು ಮಾವನ ಹಟ. ಚೀಟಿಯ ಮೇಲೆ ಭಾರ ಇಡುವಂತಿಲ್ಲ, ಬರಹ ಮುಚ್ಚಿಹೋಗುತ್ತದೆ. ಕಂಪ್ಯೂಟರ್ ತಂದುಕೊಡುತ್ತೇನೆ ಎಂದ ಮಗನಿಗೆ, "ಬೀಗದ ಕಿಂಡಿಯಲ್ಲಿ ಇಣುಕಿ ಮದುವೆ ನೋಡು ಅಂತೀಯಾ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದರು.

ಹಾಗಾಗಿ ಹರಡಿದ ಪದವನ್ನು ಎತ್ತುವ ತನಕ ಕಿಟಕಿ ತೆರೆಯುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ, ಬಾಗಿಲನ್ನು ಮೈ ನುಸುಳುವಷ್ಟೇ ತೆಗೆಯಬೇಕು. ಸೀನು ಬಂದರೆ ಮೆಟ್ಟಿಲಿಗೆ ಓಡಬೇಕು. ನಾನು ಹೊಸದಾಗಿ ಬಂದಾಗ ಇದೆಲ್ಲ ಅತಿಯಾಯಿತೆಂದು ನಕ್ಕಿದ್ದೆ. ಮಾವ ಒಂದು ಚೀಟಿಯನ್ನು ನನ್ನ ಮೂಗಿನ ಮುಂದೆ ಹಿಡಿದು, "ಸುಮ್ನೆ ಉಸಿರಾಡು" ಎಂದರು. ಅಷ್ಟಕ್ಕೇ ಚೀಟಿ ಪಟಪಟನೆ ಅಲುಗಿತು. "ನೋಡಿದ್ಯಾ? ಜೀವ ಇರೋರ ಹತ್ರ ಇದು ಸುಮ್ನಿರೋದೇ ಇಲ್ಲ" ಎಂದಿದ್ದರು.

ಇನ್ನೊಂದು ಕಟ್ಟಳೆ ಮಾತಿನದು. ಮಾವನ ಮುಂದೆ ಯಾರೂ 'ಅದು' ಎನ್ನಬಾರದು. ಅದು ಕೊಡಿ ಎಂದರೆ ಸಾಕು, "ಅದು ಅಂದ್ರೆ ಯಾವುದು? ಹೆಸರಿಲ್ವಾ?" ಎಂದು ಮುಗಿಬೀಳುತ್ತಿದ್ದರು. ಅತ್ತೆಯೋ, 'ಅದು' ಇಲ್ಲದೆ ಸಂಸಾರ ಮಾಡಲಾರದ ಹೆಂಗಸು. ಅವರಿಗೆ ಸೌಟೂ ಅದು, ಬೀಗದ ಕೈಯೂ ಅದು, ಎದುರುಮನೆಯ ಸೊಸೆಯೂ ಅದು. ಗಂಡ ಹೀಗೆ ಮೇಲೆ ಬಿದ್ದಾಗ ಹೆಸರು ಬಾಯಿಗೆ ಬಾರದೆ, "ಏನಿಲ್ಲ ಬಿಡಿ" ಎಂದು ಕತ್ತರಿಗೆ ತಲೆ ತಗ್ಗಿಸುತ್ತಿದ್ದರು. ನನಗೆ ಕೇಳಿಸಿದ 'ಏನಿಲ್ಲ ಬಿಡಿ'ಗಳನ್ನೆಲ್ಲ ಚೀಟಿಗೆ ಇಳಿಸಿದ್ದರೆ ಮೇಜು ಸಾಲುತ್ತಿರಲಿಲ್ಲ.

ಆ ದಿನ ಮೇಜಿನ ಮೇಲಿದ್ದದ್ದು 'ಚಾರ್ಜ್'. ಸಿ ಅಕ್ಷರದ ಪುಟಗಳು ಮಾರನೆಯ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು, ಈ ಪದವೊಂದು ಬಾಕಿ. ತಿಂಗಳುಗಟ್ಟಲೆ ಕಾಡಿದ ಪದ. ಅದರ ಹುಟ್ಟು ಒಂದು ಗಾಡಿ. ಲ್ಯಾಟಿನ್ ಮಾತಿನಲ್ಲಿ ಗಾಡಿಗೆ ಇದ್ದ ಹೆಸರಿನಿಂದ 'ಗಾಡಿಗೆ ಹೊರೆ ಹೇರು' ಎಂಬ ಮಾತು ಹುಟ್ಟಿ, ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಅಲ್ಲಿಂದ ಹೊರೆ ಬೀಳುವ ಜಾಗ ಬದಲಾಗುತ್ತಾ ಹೋಯಿತು. ಬಂದೂಕಿಗೆ ಮದ್ದು ತುಂಬಿದರೂ ಚಾರ್ಜು, ಬ್ಯಾಟರಿಗೆ ವಿದ್ಯುತ್ತು ತುಂಬಿದರೂ ಚಾರ್ಜು. ಒಬ್ಬನ ತಲೆಗೆ ಅಪರಾಧ ಕಟ್ಟಿದರೂ ಅದೇ, ಜೇಬಿಗೆ ಖರ್ಚು ಕಟ್ಟಿದರೂ ಅದೇ. ಆಫೀಸಿನ ಹೊಣೆ ಹೆಗಲಿಗೆ ಬಿದ್ದವನು ಚಾರ್ಜು ವಹಿಸಿಕೊಂಡ ಎನ್ನುತ್ತೇವೆ. ದಾದಿಯ ವಶಕ್ಕೆ ಒಪ್ಪಿಸಿದ ಮಗು ಕೂಡ ಆ ದಾದಿಯ ಚಾರ್ಜು.

"ಎಲ್ಲಾ ಒಂದೇ ಗಾಡಿ ಕಣಮ್ಮ, ಎತ್ತು ಮಾತ್ರ ಬೇರೆ ಬೇರೆ" ಎಂದು ಮಾವ ಬೆಳಗ್ಗೆ ಉಲ್ಲಾಸದಲ್ಲೇ ಹೇಳಿದ್ದರು.

ಆ ಉಲ್ಲಾಸ ಬಹಳ ಹೊತ್ತು ಉಳಿಯಲಿಲ್ಲ. ಸೈನ್ಯ ನುಗ್ಗುವುದಕ್ಕೂ ಚಾರ್ಜ್ ಎನ್ನುತ್ತಾರಲ್ಲ, ಅದನ್ನು ಮದ್ದು ತುಂಬಿದ ಬಂದೂಕಿನ ಸಾಲಿನ ಕೆಳಗೇ ಇಡೋಣ ಎಂದೆ. ಪುರಾವೆ ಇಲ್ಲದೆ ಯಾರನ್ನೂ ಯಾರ ಮಗ ಎಂದೂ ಬರೆಯುವುದಿಲ್ಲ ಎಂದರು. ದಾದಿಯ ಮಗುವಿನ ಅರ್ಥಕ್ಕೆ 'ಒಪ್ಪಿಸಿಕೊಂಡ ಜೀವ' ಎಂದು ಬರೆಯೋಣವೇ ಎಂದು ಕೇಳಿದೆ.

"ಇದು ಅರ್ಥ ಅಲ್ಲಮ್ಮ, ಭಾಷಣ. ಒಂದು ಪದಕ್ಕೆ ಒಂದು ಪದ ಕೊಡು."

"ಇಲ್ಲದ ಪದ ಎಲ್ಲಿಂದ ತರಲಿ ಮಾವ?"

"ಹುಡುಕು. ಇರುತ್ತೆ."

ಹೊರಗೆ ಮೂಳೆ ಕೊರೆಯುವ ಚಳಿ, ಸಾಲದ್ದಕ್ಕೆ ಬಿರುಗಾಳಿ. ಕೋಣೆಯ ಮೂಲೆಯಲ್ಲಿ ಗ್ಯಾಸ್ ಹೀಟರ್ ಉರಿಯುತ್ತಿತ್ತು. ಅತ್ತೆ ಅದರ ಪಕ್ಕದಲ್ಲೇ ಶಾಲು ಹೊದ್ದು ಕೂತಿದ್ದರು, ಅವರ ಎದೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾನು ಅಡುಗೆ, ಚಹಾ ಎಂದು ಕೆಳಗಿನ ಅಂತಸ್ತಿಗೆ ಹೋಗಿ ಬರುತ್ತಿದ್ದೆ. ಅವರಿಬ್ಬರೂ ಬೆಳಗಿನಿಂದ ಆ ಕೋಣೆ ಬಿಟ್ಟು ಕದಲಿರಲಿಲ್ಲ, ಊಟವೂ ಅಲ್ಲೇ ಆಗಿತ್ತು.

ಊಟದ ತಟ್ಟೆ ತೆಗೆಯುವಾಗ ಅತ್ತೆ ಹಣೆ ಒತ್ತಿಕೊಳ್ಳುತ್ತಾ ಹೀಟರಿನ ಕಡೆ ನೋಡಿ, "ರೀ, ಅದು ಯಾಕೋ ಹಳದಿಯಾಗಿದೆ" ಎಂದರು.

ಮಾವ ತಲೆ ಎತ್ತಲಿಲ್ಲ. "ಅದು ಅಂದ್ರೆ ಯಾವುದು? ಹೆಸರಿಲ್ವಾ?"

"ಅದೇರೀ..." ಅತ್ತೆ ಕೈ ಎತ್ತಿದರು, ಯಾಕೋ ಸೋತಂತೆ ಇಳಿಸಿದರು. "ಏನಿಲ್ಲ ಬಿಡಿ."

ನಾನು ತಟ್ಟೆ ಹಿಡಿದು ಕೆಳಗೆ ಹೋದೆ. ಹಳದಿಯಾದದ್ದು ಏನು ಎಂದು ಹೊರಳಿ ನೋಡುವಷ್ಟು ವ್ಯವಧಾನ ನನಗೂ ಇರಲಿಲ್ಲ.

ಪಾತ್ರೆ ತೊಳೆದು ಮೇಲೆ ಬಂದಾಗ ಅತ್ತೆ ಕುರ್ಚಿಗೆ ಒರಗಿ ನಿದ್ದೆ ಹೋಗಿದ್ದರು. ಅದು ದಿನವೂ ಇದ್ದದ್ದೇ. ಕೆನ್ನೆ ಕೆಂಪಾಗಿತ್ತು, ಬೆಚ್ಚಗಿದ್ದಾರೆ ಎಂದುಕೊಂಡೆ. ಬಂದ ಸ್ವಲ್ಪ ಹೊತ್ತಿಗೆ ನನಗೂ ತಲೆ ಸಿಡಿಯತೊಡಗಿತು. ಚಾರ್ಜ್ ಎಂಬ ಪದವನ್ನು ಅಷ್ಟು ದಿನ ತಲೆಯಲ್ಲಿ ಹೊತ್ತುಕೊಂಡವರಿಗೆ ಸಿಡಿಯದೆ ಇನ್ನೇನು ಎಂದು ಹಲ್ಲು ಕಚ್ಚಿ ಕೂತೆ.

ಆಗ ಮಾವ ಒಂದು ಚೀಟಿಯನ್ನು ತಪ್ಪು ಸಾಲಿನಲ್ಲಿಟ್ಟರು.

ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ತಪ್ಪೇ. ಮನಸ್ಸು ಒಳಗೊಳಗೇ ಕುಣಿಯಿತು, ಸುಳ್ಳು ಯಾಕೆ ಹೇಳಲಿ. ಮದುವೆಯಾಗಿ ಬಂದ ದಿನದಿಂದ ಈ ಮನುಷ್ಯ ನನ್ನ ತಪ್ಪು ಹಿಡಿದದ್ದೇ ಹಿಡಿದದ್ದು. ಅವರದು ಒಂದಾದರೂ ನನ್ನ ಕೈಗೆ ಸಿಗಲಿ ಎಂದು ಕಾದಿದ್ದೆ.

"ಮಾವ, ಬ್ಯಾಟರಿ ಚೀಟಿ ಅಪರಾಧದ ಸಾಲಿಗೆ ಹೋಯ್ತು."

"ಎಲ್ಲಿ?"

"ಇಲ್ಲಿ. ಫೋನು ಚಾರ್ಜಿಗೆ ಹಾಕಿದ್ದು. ಫೋನ್ ಯಾರ ಮನೆ ದರೋಡೆ ಮಾಡ್ತು?"

ಅವರು ನಗಲಿಲ್ಲ, ಬೈಯಲೂ ಇಲ್ಲ. ಚೀಟಿಯನ್ನು ಎತ್ತಿ ಬಹಳ ಹೊತ್ತು ನೋಡಿದರು. "ಗೊತ್ತು" ಎಂದರು. ತೆಗೆದು ನುಗ್ಗುವ ಸೈನ್ಯದ ಸಾಲಿನಲ್ಲಿ ಇಟ್ಟರು.

ನನ್ನ ಕುಣಿತ ನಿಂತಿತು. ಆ ಪದದ ಸಾಲುಗಳನ್ನು ಮಾವ ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು. ಅವರು ಮುಂದಿನ ಚೀಟಿ ಎತ್ತಿಕೊಂಡರು, ಅದು ಬೆರಳಿನಿಂದ ಜಾರಿತು. ಮೇಜಿನ ಅಂಚು ಹಿಡಿದು ನಿಂತು, ನನ್ನ ಕಡೆ ಕೈ ಚಾಚಿ, "ಅದು ಕೊಡು" ಎಂದರು.

ಮಾವನ ಬಾಯಲ್ಲಿ 'ಅದು'!

"ಏನು ಕೊಡ್ಲಿ ಮಾವ?"

"ಅದು. ಅದೇ... ಅದು."

ಕೈ ತೋರಿಸುತ್ತಿದ್ದದ್ದು ಪೆನ್ನಿನ ಕಡೆಗೆ. ಪೆನ್ನು ಎಂಬ ಪದ ಮಾವನ ಬಾಯಿಗೆ ಬರುತ್ತಿರಲಿಲ್ಲ.

ಇದೇ ಹೊತ್ತಿಗೆ ನನಗೆ ಹಳದಿ ನೆನಪಾಯಿತು. ತಿರುಗಿ ನೋಡಿದೆ. ದಿನವೂ ನೀಲಿಯಾಗಿ ಉರಿಯುವ ಹೀಟರ್ ಹಳದಿ ನಾಲಿಗೆ ಚಾಚಿಕೊಂಡು ತೂರಾಡುತ್ತಿತ್ತು. ಅದರ ಪಕ್ಕ, ಗೋಡೆಯ ಬುಡದಲ್ಲಿ, ಗಾಳಿಯಾಡಲೆಂದು ಬಿಟ್ಟ ಜಾಲರಿಯ ಕಿಂಡಿ. ಹೀಟರ್ ಕೂರಿಸಿದ ಮೆಕ್ಯಾನಿಕ್, "ಯಾವ ಕಾರಣಕ್ಕೂ ಇದನ್ನ ಮುಚ್ಚಬೇಡಿ, ಮುಚ್ಚಿದ್ರೆ ಒಳಗೆ ವಿಷಾನಿಲ ತುಂಬುತ್ತೆ, ಅದಕ್ಕೆ ವಾಸನೆಯೂ ಇರಲ್ಲ" ಎಂದು ಮೂವರನ್ನೂ ಕೂರಿಸಿ ಹೇಳಿ ಹೋಗಿದ್ದ. ಈಗ ಆ ಜಾಲರಿಯ ತುಂಬ, ಒಂದಿಷ್ಟೂ ಸಂದಿ ಬಿಡದೆ, ಬಿ ಅಕ್ಷರದ ಹಳೆಯ ಪುಟಗಳನ್ನು ಮಡಚಿ ತುರುಕಲಾಗಿತ್ತು.

"ಕಿಂಡಿ ಯಾರು ಮುಚ್ಚಿದ್ದು?" ನನ್ನ ದನಿ ನನಗೇ ದೂರದಿಂದ ಕೇಳಿತು.

"ಗಾಳಿ" ಎಂದರು ಮಾವ. "ಬೆಳಗ್ಗೆ ಎರಡು ಚೀಟಿ ಸರಿದಿತ್ತು. ಗಾಳಿ."

ನಾನು ಹೀಟರಿನ ತಿರುಪು ತಿರುಗಿಸಿ ಆರಿಸಿದೆ, ಕಿಂಡಿಯ ಕಾಗದ ಕಿತ್ತೆ. ಬಗ್ಗಿ ಎದ್ದಾಗ ಕೋಣೆ ಒಂದು ಸುತ್ತು ತಿರುಗಿತು. ಅತ್ತೆಯ ಭುಜ ಹಿಡಿದು ಅಲುಗಿಸಿದೆ. "ಅತ್ತೆ! ಅತ್ತೆ, ಏಳಿ!" ತಲೆ ಒಂದು ಕಡೆಗೆ ವಾಲಿತು. ಕತ್ತರಿ ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೂ ರೆಪ್ಪೆ ಅಲುಗಲಿಲ್ಲ.

"ಮಾವ, ಅತ್ತೆ ಏಳ್ತಿಲ್ಲ!"

"ಮಧ್ಯಾಹ್ನ ಮಲಗ್ತಾಳೆ. ಇದ್ದದ್ದೇ."

"ನಿದ್ದೆ ಅಲ್ಲ ಮಾವ ಇದು! ಕಿಟಕಿ ತೆಗೀತೀನಿ."

ಆ ಒಂದು ಮಾತು ಮಾತ್ರ ಮಂಜು ಕವಿದ ಅವರ ತಲೆಯೊಳಕ್ಕೆ ನೇರ ಹೋಯಿತು. "ಕಿಟಕಿ ಮುಟ್ಟಬೇಡ!" ಎಂದು ಕೂಗಿ, ಮೇಜಿನ ಮೇಲೆ ಎರಡೂ ತೋಳು ಚಾಚಿ, ಚೀಟಿಗಳ ಮೇಲೆ ಮೈ ಬಗ್ಗಿಸಿ ನಿಂತರು. "ಪದ ಹರಡಿದೆ. ನಾಳೆ ಕೊಡಬೇಕು. ಮುಟ್ಟಬೇಡ!"

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಪ್ರಾಣ ಹೋಗುತ್ತಿರುವ ಹೆಂಡತಿಯ ಕಡೆಗೆ ಬೆನ್ನು ಹಾಕಿ, ಕಾಗದದ ಚೂರುಗಳನ್ನು ಕೋಳಿ ಮರಿಗಳ ಹಾಗೆ ಅವುಚಿಕೊಂಡಿದ್ದಾರೆ ಈ ಪಂಡಿತರು. ತಲೆ ಕೆಟ್ಟಿರುವುದು ವಿಷದಿಂದ ಎಂದು ಬುದ್ಧಿಗೆ ಗೊತ್ತಿತ್ತು, ಸಿಟ್ಟಿಗೆ ಗೊತ್ತಿರಲಿಲ್ಲ. ಕಿಟಕಿಗೆ ಹೋದೆ. ಚಳಿಗಾಲಕ್ಕೆಂದು ಸಂದಿಗಳಿಗೆಲ್ಲ ಅಂಟುಪಟ್ಟಿ ಮೆತ್ತಿದ್ದರು, ಚಿಲಕಕ್ಕೆ ದಾರ ಸುತ್ತಿದ್ದರು. ನನ್ನ ಬೆರಳಲ್ಲಿ ದಾರ ಬಿಚ್ಚುವಷ್ಟೂ ಬಲ ಇರಲಿಲ್ಲ. ಅತ್ತೆಯ ಕತ್ತರಿ ಎತ್ತಿಕೊಂಡೆ, ಹಿಡಿಯ ಕಡೆಯಿಂದ ಗಾಜಿಗೆ ಹೊಡೆದೆ. ಮೊದಲ ಏಟಿಗೆ ಬಿರುಕು, ಎರಡನೆಯದಕ್ಕೆ ಗಾಜು ಬೀದಿಗೆ ಬಿತ್ತು.

ಬಿರುಗಾಳಿ ಒಳಗೆ ನುಗ್ಗಿತು. ಇಡೀ ಚಾರ್ಜ್ ಒಂದೇ ಸಲ ಮೇಜಿನಿಂದ ಎದ್ದಿತು. ಗಾಡಿ, ಬಂದೂಕು, ಅಪರಾಧ, ಖರ್ಚು ಎಲ್ಲವೂ ಸೂರಿನ ತನಕ ಹಾರಿ ಗಿರಗಿರನೆ ಸುತ್ತಿದವು. ಮಾವ ನನ್ನ ಕಡೆ ನೋಡಿ ಆಡಿದ ಬೈಗುಳ ಯಾವ ನಿಘಂಟಿನಲ್ಲೂ ಇಲ್ಲ. ಆಮೇಲೆ ಮಂಡಿಯೂರಿ, ನೆಲದ ಮೇಲೆ ತೆವಳುತ್ತಾ ಚೀಟಿ ಹೆಕ್ಕತೊಡಗಿದರು.

ನಾನು ಅತ್ತೆಯ ಕಂಕುಳಿಗೆ ಕೈ ಕೊಟ್ಟು ಕುರ್ಚಿಯಿಂದ ಇಳಿಸಿದೆ. ಬಾಗಿಲ ಕಡೆ ಎಳೆದೆ. ನಾಲ್ಕು ಹೆಜ್ಜೆಗೆ ನನ್ನ ಕಾಲು ಸೋತು ಅವರ ಜೊತೆಗೇ ಕುಸಿದು ಕೂತೆ. "ಮಾವ, ಕಾಲು ಹಿಡ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಕೈಲಿ ಆಗ್ತಿಲ್ಲ" ಎಂದು ಅಳತೊಡಗಿದೆ. ನನ್ನ ಅಳು ಅವರಿಗೆ ಕೇಳಿಸಲಿಲ್ಲ. ಚೀಟಿಯ ಹಿಂದೆ ಚೀಟಿ ಹೆಕ್ಕುತ್ತಾ, ತೆವಳುತ್ತಾ ನಮ್ಮ ಕಡೆಗೇ ಬಂದರು.

ಗಾಳಿ ಒಂದು ಗಳಿಗೆ ನಿಂತಿತು. ಮೇಲಿದ್ದ ಚೀಟಿಗಳು ಇಳಿಯತೊಡಗಿದವು. ಒಂದು ಚೀಟಿ ಅತ್ತೆಯ ಮುಖದ ಮೇಲೆ, ಮೂಗು ಬಾಯಿ ಮುಚ್ಚುವ ಹಾಗೆ ಬಂದು ಕೂತಿತು. ಯಾವ ಅರ್ಥದ್ದು ಎಂದು ನಾನು ಓದಲಿಲ್ಲ. ಓದಿದೆ ಎಂದರೆ ಕಥೆಗೆ ಚೆನ್ನಾಗಿರುತ್ತದೆ, ಆದರೆ ಓದಲಿಲ್ಲ.

ಮಾವ ಅದನ್ನು ಎತ್ತಲು ಕೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು.

ಚೀಟಿ ಅಲುಗುತ್ತಿರಲಿಲ್ಲ.

ಅವರು ನೋಡುತ್ತಲೇ ಇದ್ದರು. ಬದುಕೆಲ್ಲ ಆ ತೆಳು ಕಾಗದದ ಸ್ವಭಾವ ಅರೆದು ಕುಡಿದವರು. ಇಷ್ಟೇ ಇಷ್ಟು ಉಸಿರು ತಾಗಿದರೂ ಅದು ಏನು ಮಾಡುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನಾನು ಅಷ್ಟು ಹೊತ್ತು ಅರಚಿದರೂ ತಲೆಗೆ ಹೋಗದ ಮಾತನ್ನು ಆ ಚೀಟಿ ಸುಮ್ಮನಿದ್ದೇ ಹೇಳಿತು. ಮುಷ್ಟಿಯಲ್ಲಿ ಹಿಡಿದಿದ್ದ ಚೀಟಿಗಳೆಲ್ಲ ಅವರ ಕೈಯಿಂದ ಉದುರಿದವು.

"ಏ... ಏನೇ... ಏಳೇ!" ಎಂದರು. ಆ ಮುಖದ ಮೇಲಿದ್ದದ್ದನ್ನು ಕಿತ್ತೆಸೆದರು. ಹೇಗೆ ಎದ್ದರೋ ಕಾಣೆ, ಹೆಂಡತಿಯ ಎರಡೂ ಕಾಲು ಎತ್ತಿಕೊಂಡರು.

ಇಬ್ಬರೂ ಸೇರಿ ಬಾಗಿಲು ದಾಟಿಸಿದೆವು. ಗಾಜು ಬಿದ್ದ ಸದ್ದಿಗೆ ಕೆಳಗಿನ ಅಂಗಡಿಯ ದರ್ಜಿ, ಅಳತೆ ಪಟ್ಟಿ ಕೊರಳಲ್ಲಿರುವಂತೆಯೇ ಮೆಟ್ಟಿಲು ಹತ್ತಿ ಓಡಿ ಬಂದ. ಬಯ್ಯಲು ಬಂದವನು ನಮ್ಮ ಮುಖ ನೋಡಿ ಅತ್ತೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಬೀದಿಯ ಗಾಳಿಯಲ್ಲಿ ಮಲಗಿಸಿ ಮುಖಕ್ಕೆ ಮುಖ ಹಚ್ಚಿ ನೋಡಿ, "ಇದೆ, ಉಸಿರು ಇದೆ, ತೀರಾ ಸಣ್ಣಗೆ ಬರ್ತಿದೆ" ಎಂದ. ಆಂಬುಲೆನ್ಸ್ ಬರುವ ತನಕ ಮಾವ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚಾರ್ಜ್ ಬೀದಿಯ ತುಂಬ ಹಾರಾಡುತ್ತಿತ್ತು, ಚಕ್ರಗಳಿಗೆ ಸಿಕ್ಕಿ ಹೋಗುತ್ತಿತ್ತು. ಅವರು ತಲೆ ಎತ್ತಿ ನೋಡಲಿಲ್ಲ.

ಅತ್ತೆ ಉಳಿದರು. ಉಳಿದದ್ದು ಕೂದಲೆಳೆಯ ಅಂತರದಲ್ಲಿ ಎಂದು ಡಾಕ್ಟರಮ್ಮ ಹೇಳಿದರು. ಬಸ್ಸು ನಿಲ್ಲಿಸಿ ಓಡಿ ಬಂದ ನನ್ನ ಗಂಡ ಅಪ್ಪನಿಗೆ ಏನೆಲ್ಲ ಅನ್ನಬೇಕೆಂದಿದ್ದನೋ, ಗೋಡೆಗೆ ಹಣೆ ಕೊಟ್ಟು ನಿಂತ ಮುದುಕನನ್ನು ನೋಡಿ ಏನೂ ಅನ್ನಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾನೇ ಅಂದೆ, ಆಸ್ಪತ್ರೆಯ ಪಡಸಾಲೆಯಲ್ಲಿ, ದಾದಿಯರು ಬಂದು ಸುಮ್ಮನಿರಿಸುವ ತನಕ. ಮಾವ ಎಲ್ಲವನ್ನೂ ಕೇಳಿಸಿಕೊಂಡರು.

ಆದರೆ ಮನೆಗೆ ಬಂದ ಅತ್ತೆಗೆ ಪದಗಳು ಬಿಟ್ಟುಹೋಗಿದ್ದವು. ಮುಖಗಳ ಗುರುತಿತ್ತು, ನಗು ಇತ್ತು, ಅಡುಗೆಗೆ ಉಪ್ಪು ಕಮ್ಮಿಯಾದರೆ ಹುಬ್ಬು ಗಂಟಿಕ್ಕುವುದೂ ಇತ್ತು. ಹೆಸರುಗಳು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಕೆಲವು ತಾವಾಗಿ ಮರಳಬಹುದು, ಕೆಲವು ಇಲ್ಲ ಎಂದರು ಡಾಕ್ಟರಮ್ಮ. ಮಾವ ಮೊದಮೊದಲು ಲೋಟ, ಬಾಚಣಿಗೆ, ದಿಂಬು ಎಂದು ಒಂದೊಂದನ್ನೇ ಎತ್ತಿ ಹಿಡಿದು ಹೆಸರು ಹೇಳಿಸಲು ಕೂತರು. ಅತ್ತೆ ಎರಡು ದಿನ ತೊದಲಿ, ಮೂರನೆಯ ದಿನ ಕಣ್ಣೀರು ಹಾಕಿದರು. "ಇನ್ನೂ ಪರೀಕ್ಷೆ ಮಾಡ್ತೀರಾ ಅವರನ್ನ?" ಎಂದೆ ನಾನು. ಮಾವ ಬಾಚಣಿಗೆಯನ್ನು ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

ಚಾರ್ಜನ್ನು ಮೊದಲಿನಿಂದ ಹರಡಿದೆವು. ಸಿ ಅಕ್ಷರ ತಡವಾಯಿತು, ಮುದ್ರಣದವರು ಕೂಗಾಡಿದರು. ಈಗ ಕಿಟಕಿ ಗೇಣಗಲ ತೆರೆದೇ ಇರುತ್ತದೆ. ಚೀಟಿಗಳ ಮೇಲೆ ಚಮಚ, ಬೋಲ್ಟು, ಗುಂಡಿ, ದರ್ಜಿ ಕೊಟ್ಟ ಹಳೆಯ ಇಸ್ತ್ರಿಪೆಟ್ಟಿಗೆ, ಏನು ಬೇಕಾದರೂ ಕೂರುತ್ತದೆ. ಬರಹ ಮುಚ್ಚಿದರೆ ಮಾವ ಎತ್ತಿ ಓದಿ ಮತ್ತೆ ಇಡುತ್ತಾರೆ. ಹೀಟರ್ ಹೊಸದು. ಅದನ್ನು ಕೂರಿಸಿದ ದಿನ ಮೆಕ್ಯಾನಿಕ್ ಬೈದ ಬೈಗುಳವನ್ನು ಮಾವ ಕೈಕಟ್ಟಿ ಕೇಳಿಸಿಕೊಂಡರು.

ಮೊನ್ನೆ ದಾದಿಯ ಮಗುವಿನ ಸಾಲಿಗೆ ಬಂದೆವು. ನನ್ನ 'ಒಪ್ಪಿಸಿಕೊಂಡ ಜೀವ' ಬಿಟ್ಟರೆ ಬೇರೆ ಪದ ಸಿಕ್ಕಿರಲಿಲ್ಲ. ನಾನು ಜಗಳಕ್ಕೆ ಸಿದ್ಧಳಾಗಿಯೇ ಪೆನ್ನು ಎತ್ತಿಕೊಂಡೆ.

ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಅತ್ತೆ, "ರೀ, ಅದು..." ಎಂದರು. ಕೈ ಎತ್ತಿದರು. ಬೆರಳು ಹೀಟರಿನ ಕಡೆಗಿತ್ತು. "ಅದು... ಹಳದಿ?"

ನನಗೆ ಅಭ್ಯಾಸಬಲದಿಂದ ಆ ಪ್ರಶ್ನೆ ಕೇಳಿಸಿಯೇಬಿಟ್ಟಿತು, ಅದು ಅಂದ್ರೆ ಯಾವುದು ಎಂದು. ಮಾವ ಅದನ್ನು ಕೇಳಲೇ ಇಲ್ಲ. ಕೈಯಲ್ಲಿದ್ದ ಚೀಟಿಯನ್ನು ಭಾರವಿಡದೆ ಹಾಗೇ ಬಿಟ್ಟು ಎದ್ದರು, ಅದು ಹಾರಿ ಎಲ್ಲೋ ಬಿತ್ತು. ಹೀಟರಿನ ಮುಂದೆ, ಮಂಡಿ ಕಟಕಟ ಎನ್ನುತ್ತಿದ್ದರೂ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಒಳಗಿನ ಉರಿಯನ್ನು ನೋಡಿದರು. ಪಕ್ಕದ ಕಿಂಡಿಗೆ ಅಂಗೈ ಹಿಡಿದು ಗಾಳಿ ಬರುತ್ತಿದೆಯೇ ಎಂದು ನೋಡಿದರು.

"ಇಲ್ಲ ಕಣೇ, ನೀಲಿಯಾಗೇ ಇದೆ" ಎಂದರು. "ಬೇಕಾದ್ರೆ ನೋಡು. ನೀಲಿ."

ಅತ್ತೆ ನೋಡಿ ತಲೆಯಾಡಿಸಿದರು. ಮಾವ ನೆಲಕ್ಕೆ ಕೈಯೂರಿ ಎದ್ದು ಬಂದು ಕೂತು, ಕನ್ನಡಕ ಸರಿಮಾಡಿಕೊಂಡು, ಹಾರಿ ಹೋದ ಚೀಟಿಯನ್ನು ಹುಡುಕತೊಡಗಿದರು. ಅದಿನ್ನೂ ಸಿಕ್ಕಿರಲಿಲ್ಲ, ಅತ್ತೆ ಮತ್ತೆ ಅಂದರು, "ರೀ, ಅದು..."

ಮಾವ ಮತ್ತೆ ಎದ್ದರು.